ಒಡ್ಡಿನ ಮೇಲೆ ಕಾಂಗ್ರೆಸ್ ಕಸ ಎದ್ದಿದೆ: ಕೀಳಬೇಕಾ, ಔಷಧ ಹೊಡೆಯಬೇಕಾ?

ಬಾಗೇವಾಡಿ ಎರಿಹೊಲ

ಎಲ್ಲರಿಗೂ ನಮಸ್ಕಾರ. ನಮ್ಮದು ಬಸವನ ಬಾಗೇವಾಡಿ ಕಡೆ ಎರಿ ಹೊಲ, ಅಂದರೆ ಕಪ್ಪು ಮಣ್ಣು. ಈ ಸಲ ಮಿರ್ಗ ಮಳೆ ಕೈ ಕೊಡಲಿಲ್ಲ. ತೊಗರಿ ಚೆನ್ನಾಗಿ ಹುಟ್ಟಿದೆ, ಒಂದು ಪಟ್ಟಿ ಸೂರ್ಯಪಾನ (ಸೂರ್ಯಕಾಂತಿ) ಹಾಕಿದ್ದೇವೆ. ಆದರೆ ಒಡ್ಡಿನ ಮೇಲೆ, ಕಾಲುವೆ ದಂಡೆಗೆ, ಬಂಡಿ ದಾರಿಯ ಎರಡೂ ಕಡೆ ಕಾಂಗ್ರೆಸ್ ಕಸ (ಪಾರ್ಥೇನಿಯಂ) ವಿಪರೀತ ಎದ್ದಿದೆ. ಮೇ ತಿಂಗಳ ಮಳೆಗೆ ಹುಟ್ಟಿದ್ದು ಆಗಲೇ ಹೂ ಬಿಟ್ಟಿದೆ. ಆಮೇಲೆ ಹುಟ್ಟಿದ್ದು ಇನ್ನೂ ನೆಲಕ್ಕೆ ಅಂಟಿಕೊಂಡಿದೆ.

ಅಂಗಡಿಯವರು ಒಂದು ಡಬ್ಬಿ ತೋರಿಸಿ, ಇದನ್ನು ಹೊಡೆಯಿರಿ, ಎಲ್ಲಾ ಸುಟ್ಟು ಹೋಗುತ್ತದೆ ಅಂದರು. ನಮ್ಮ ಕಾಕಾ ಉಪ್ಪು ನೀರು ಹೊಡಿ ಅನ್ನುತ್ತಾರೆ. ಹೆಣ್ಣಾಳುಗಳು ಮೈ ಕೆರೆತ ಬರುತ್ತದೆ ಅಂತ ಈ ಕಸ ಕೀಳಲು ಒಪ್ಪುತ್ತಿಲ್ಲ. ಇನ್ನೊಂದು ವಿಷಯ. ಕೆಲವು ಗಿಡದ ಮೇಲೆ ಸಣ್ಣ ಹುಳು ಕೂತಿವೆ. ಮಾಸಲು ಬಿಳಿ ಬಣ್ಣ, ಬೆನ್ನ ಮೇಲೆ ಕಂದು ಗೆರೆ. ಎಲೆ ತಿಂದು ಜರಡಿ ಮಾಡಿವೆ. ಇವು ನಾಳೆ ಸೂರ್ಯಪಾನಕ್ಕೆ ಬಂದರೆ ಏನು ಗತಿ? ತಿಳಿದವರು ದಯವಿಟ್ಟು ಹೇಳಿ.

ಗೋಕಾಕ ಕಬ್ಬು

ಅಣ್ಣಾ, ಮೊದಲು ಒಂದು ಮಾತು. ಉಪ್ಪು ಮಾತ್ರ ಬೇಡ. ಕಾಕಾಗೆ ನಾನು ಹೇಳಿದೆ ಅಂತ ಕೈ ಮುಗಿದು ಹೇಳಿ.

100 ಲೀಟರ್ ನೀರಿಗೆ 15ರಿಂದ 20 ಕಿಲೊ ಉಪ್ಪು ಕಲಸಿ ಹೊಡೆದರೆ ಈ ಕಸ ಒಣಗುತ್ತದೆ, ಅದು ಸುಳ್ಳಲ್ಲ. ರಸ್ತೆ ಪಕ್ಕಕ್ಕೆ, ಖಾಲಿ ಜಾಗಕ್ಕೆ ಇದನ್ನು ಹೇಳುವವರೂ ಇದ್ದಾರೆ. ಆದರೆ ನಮ್ಮದು ಎರಿ ಮಣ್ಣು. ನೀರು ಬೇಗ ಬಸಿಯುವುದಿಲ್ಲ, ಹಾಕಿದ ಉಪ್ಪು ಅಲ್ಲೇ ಉಳಿಯುತ್ತದೆ. ಘಟಪ್ರಭಾ ಕಾಲುವೆ ಬಂದ ಮೇಲೆ ನಮ್ಮ ಕಡೆ, ಮುಧೋಳ, ಜಮಖಂಡಿ ಕಡೆ ಎಷ್ಟು ಹೊಲ ಸವಳು ಬಿದ್ದಿವೆ ಅಂತ ಬಂದು ನೋಡಿ. ಬೆಳಿಗ್ಗೆ ಹೊತ್ತು ಮಣ್ಣಿನ ಮೇಲೆ ಬಿಳಿ ಪುಡಿ ಎದ್ದಿರುತ್ತದೆ. ಅಲ್ಲಿ ಕಬ್ಬೂ ಏಳುವುದಿಲ್ಲ, ಜೋಳವೂ ಏಳುವುದಿಲ್ಲ. ಅಂಥ ಮಣ್ಣಿಗೆ ನಾವೇ ದುಡ್ಡು ಕೊಟ್ಟು ಉಪ್ಪು ಹಾಕುವುದಾ? ಒಡ್ಡಿನ ಮೇಲೆ ಹಾಕಿದ್ದು ಮಳೆಗೆ ಹೊಲದೊಳಗೇ ಇಳಿಯುತ್ತದೆ ಅಲ್ವಾ.

ಟಿಕೋಟಾ ದ್ರಾಕ್ಷಿ

ಅಂಗಡಿಯವರು ಕೊಟ್ಟ ಡಬ್ಬಿ ಯಾವುದು ಅಂತ ಬರೆಯಿರಿ. 2,4-ಡಿ ಆಗಿದ್ದರೆ ತೊಗರಿ, ಸೂರ್ಯಪಾನದ ಹತ್ತಿರ ತರಲೇಬೇಡಿ. ಅದು ಅಗಲ ಎಲೆಯ ಗಿಡ ಕೊಲ್ಲುವ ಔಷಧ. ಅದಕ್ಕೆ ಕಸ ಯಾವುದು, ಬೆಳೆ ಯಾವುದು ಗೊತ್ತಾಗುವುದಿಲ್ಲ.

ಅದು ಗಾಳಿಗೆ ಹಾರುವುದೂ ಜಾಸ್ತಿ. ಪಕ್ಕದ ಹೊಲದವರು ಗೋವಿನ ಜೋಳಕ್ಕೆ ಹೊಡೆದ 2,4-ಡಿ ಗಾಳಿಗೆ ಬಂದು ನಮ್ಮ ದ್ರಾಕ್ಷಿ ಚಿಗುರು ಕೆಟ್ಟಿತ್ತು. ಎಲೆ ಸಣ್ಣದಾಗಿ, ಅಂಚು ಚೂಪಾಗಿ, ಬೀಸಣಿಗೆ ಮಡಚಿದ ಹಾಗೆ ಮುದುಡಿಕೊಂಡವು. ಹತ್ತಿಗೂ ಇದೇ ಗತಿ. ಪಂಪು ತೊಳೆದರೂ ಔಷಧದ ಅಂಶ ಉಳಿದಿರುತ್ತದೆ. ಕಸಕ್ಕೆ ಹೊಡೆದ ಪಂಪಿನಲ್ಲೇ ಬೆಳೆಗೆ ಬೇರೆ ಔಷಧ ಹೊಡೆದರೆ ಸುಮ್ನೆ ಬೆಳೆ ಹಾಳು. ಕಳೆನಾಶಕಕ್ಕೆ ಪಂಪು ಬೇರೆಯೇ ಇಡಬೇಕು.

ಬಾಗೇವಾಡಿ ಎರಿಹೊಲ

ಡಬ್ಬಿ ಮೇಲೆ ಗ್ಲೈಫೋಸೇಟ್ ಅಂತ ಇದೆ. ಇನ್ನೂ ಒಡೆದಿಲ್ಲ.

ಹಿಟ್ಟಿನಹಳ್ಳಿ ವಿದ್ಯಾರ್ಥಿ

ನಾನು ವಿಜಯಪುರ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದೇನೆ ಅಣ್ಣಾವ್ರೆ. ಗ್ಲೈಫೋಸೇಟ್ ಬಗ್ಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಒಂದು ಅಧಿಸೂಚನೆ ಹೊರಡಿಸಿತು. ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಅದನ್ನು ಬಳಸಬೇಕು ಅಂತ. ಮನುಷ್ಯರಿಗೆ, ದನಕರುಗಳಿಗೆ ಅಪಾಯ ಆಗಬಹುದು ಅನ್ನುವುದು ಕಾರಣ. ಅಂಗಡಿಯಲ್ಲಿ ಕೈಗೆ ಸಿಗುತ್ತದೆ ಅಂತ ಒಡ್ಡಿಗೆ ಹೊಡೆಯಬೇಡಿ. ಅದು ಹಸಿರು ಇರುವುದನ್ನೆಲ್ಲ ಸುಡುತ್ತದೆ. ಒಡ್ಡಿನ ಒಳ್ಳೆ ಹುಲ್ಲೂ ಹೋಗುತ್ತದೆ. ಖಾಲಿ ಆದ ಆ ಜಾಗದಲ್ಲಿ ಮುಂದಿನ ಮಳೆಗೆ ಮೊದಲು ಹುಟ್ಟುವುದು ಮತ್ತೆ ಇದೇ ಕಸ.

ನೀವು ನೋಡಿದ ಹುಳು ನಮ್ಮ ಸ್ನೇಹಿತ. ಅದನ್ನು ಕೊಲ್ಲಬೇಡಿ. ಅದರ ಬಗ್ಗೆ ಸಂಜೆ ಕೂತು ಪೂರ್ತಿ ಬರೆಯುತ್ತೇನೆ.

ಗಿಡ ಪಾಠ, ಬಾಗಲಕೋಟೆ

ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ಔಷಧದ ಮಾತಿಗಿಂತ ಮೊದಲು ಗಿಡ ಸರಿಯಾಗಿ ಗುರುತು ಹಿಡಿಯೋಣ. ಹೂ ಬಿಟ್ಟ ಮೇಲೆ ಯಾರು ಬೇಕಾದರೂ ಗುರುತಿಸುತ್ತಾರೆ, ಆದರೆ ಅಷ್ಟೊತ್ತಿಗೆ ಅರ್ಧ ಕೆಲಸ ಕೆಟ್ಟಿರುತ್ತದೆ.

ಹುಟ್ಟಿದ ಮೊದಲ ಕೆಲವು ವಾರ ಇದಕ್ಕೆ ಕಾಂಡವೇ ಕಾಣುವುದಿಲ್ಲ. ಎಲೆಗಳು ಸುತ್ತಲೂ ಹರಡಿ ನೆಲಕ್ಕೆ ಒತ್ತಿಕೊಂಡಿರುತ್ತವೆ. ಎಲೆ ಗಜ್ಜರಿ (ಕ್ಯಾರೆಟ್) ಎಲೆಯ ಥರ ಸೀಳಿರುತ್ತದೆ. ಮರಾಠಿಯವರು ಇದಕ್ಕೆ ಗಾಜರ್ ಗವತ್ ಅನ್ನುವುದು ಅದಕ್ಕೇ. ಆದರೆ ಗಜ್ಜರಿ ಎಲೆ ಇದಕ್ಕಿಂತ ಸಣ್ಣಗೆ ಸೀಳಿರುತ್ತದೆ, ಹಿಸುಕಿದರೆ ಗಜ್ಜರಿ ವಾಸನೆಯೇ ಬರುತ್ತದೆ. ಇದರ ಎಲೆ ಮಾಸಲು ಹಸಿರು, ಎರಡೂ ಕಡೆ ಸಣ್ಣ ಮೆತ್ತನೆ ಕೂದಲು. ನೋಡಿ ತಿಳಿಯಿರಿ, ಬರಿಗೈಯಲ್ಲಿ ತಿಕ್ಕಿ ನೋಡಬೇಡಿ. ಆಮೇಲೆ ನಡುವಿನಿಂದ ಕಾಂಡ ಏಳುತ್ತದೆ. ಕಾಂಡದ ಉದ್ದಕ್ಕೂ ಗೆರೆ ಇರುತ್ತವೆ. ಮೇಲೆ ಹೋದಂತೆ ಕವಲು ಜಾಸ್ತಿ. ಒಳ್ಳೆ ನೆಲ ಸಿಕ್ಕರೆ ಒಂದೂವರೆ ಮೀಟರ್‌ವರೆಗೆ ಬೆಳೆಯುತ್ತದೆ.

ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ಬಿಳಿ ಗುಂಡಿ, ಅಗಲ ಸುಮಾರು 4 ಮಿಲಿಮೀಟರ್. ಅಂಚಿನಲ್ಲಿ ಐದು ಚಿಕ್ಕ ಮೂಲೆ ಕಾಣುತ್ತವೆ. ಒಂದೊಂದು ಮೂಲೆಗೆ ಒಂದೊಂದು ಬೀಜ, ಅಂದರೆ ಒಂದು ಗುಂಡಿಗೆ ಐದೇ ಬೀಜ. ಐದು ಅಂದರೆ ಕಡಿಮೆ ಅನ್ನಿಸುತ್ತದೆ. ಆದರೆ ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಜಾಸ್ತಿ ಬೀಜ ಉದುರಿಸುತ್ತದೆ. ಹುಟ್ಟಿದ 4ರಿಂದ 6 ವಾರಕ್ಕೇ ಹೂ. ತೇವ ಇದ್ದರೆ ವರ್ಷದ ಯಾವ ತಿಂಗಳಾದರೂ ಹುಟ್ಟುತ್ತದೆ. ಕಾಲುವೆ ನೀರಿರುವ ಕಡೆ ಅದಕ್ಕೆ ಮಳೆಗಾಲವೇ ಬೇಕಿಲ್ಲ.

ಬೇರೆ ಗಿಡ ಅಂತ ಮೋಸ ಹೋಗುವುದೂ ಉಂಟು. ನೆಲದ ಮೇಲೆ ಹರಡಿ, ಉದ್ದ ದಂಟಿನ ತುದಿಗೆ ಒಂದೇ ಹೂ ಬಿಡುವ, ನಡುವೆ ಹಳದಿ ಇರುವ ಗಿಡ ಟ್ರೈಡ್ಯಾಕ್ಸ್. ಗಾಯ ಆದಾಗ ಹೊಲದಲ್ಲಿ ಅದರ ರಸ ಹಿಂಡುತ್ತಾರೆ. ಅದನ್ನು ಕೀಳುತ್ತಾ ಕೂತು ಕಾಂಗ್ರೆಸ್ ಕಸ ಬಿಡಬೇಡಿ.

ಖಾನಾಪುರ ದಾರಿ

ಸರ್, ನಮ್ಮ ಕಾಡಂಚಿನಲ್ಲೂ ಬಿಳಿ ಹೂವಿನ ಕಸ ಭಯಂಕರ ಇದೆ. ಪೊದೆ ಥರ ಬೆಳೆಯುತ್ತದೆ. ಅದೂ ಇದೇನಾ?

ಗಿಡ ಪಾಠ, ಬಾಗಲಕೋಟೆ

ಎಲೆ ಸೀಳಿಲ್ಲದೆ ಮುಮ್ಮೂಲೆ ಆಕಾರ, ಮೂರು ನರ ಎದ್ದು ಕಾಣುತ್ತವೆ, ಚಳಿಗಾಲದಲ್ಲಿ ಹೂ ಬಿಡುತ್ತದೆ ಅಂದರೆ ಅದು ಯುಪಟೋರಿಯಂ. ಅದೂ ಅಮೆರಿಕ ಕಡೆಯಿಂದ ಬಂದದ್ದೇ, ಆದರೆ ಜಾತಿ ಬೇರೆ, ಬೇರು ಗಟ್ಟಿ. ಸುಮ್ಮನೆ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬುಡ ಸಮೇತ ಅಗೆಯಬೇಕು. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.

ನವನಗರ ಅಕ್ಕ

ಹೆಣ್ಣಾಳುಗಳು ಒಪ್ಪುತ್ತಿಲ್ಲ ಅಂತ ಬರೆದಿದ್ದೀರಿ. ಅವರು ಹೇಳುವುದು ಸರಿ ಇದೆ ತಮ್ಮಾ. ಅದನ್ನು ನೆಪ ಅಂದುಕೊಳ್ಳಬೇಡಿ.

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ ಸುತ್ತ ಖಾಲಿ ಸೈಟುಗಳು. ಮಳೆಗಾಲದಲ್ಲಿ ಎಲ್ಲಾ ಇದೇ ಕಸ. ನಮ್ಮ ಮನೆಯವರಿಗೆ ಮೊದಲು ಕಣ್ಣ ರೆಪ್ಪೆ ಊದಿತು. ಆಮೇಲೆ ಕುತ್ತಿಗೆ, ಮೊಣಕೈ ಮಡಿಕೆ. ಚರ್ಮ ಕಪ್ಪಾಗಿ, ದಪ್ಪಗಾಗಿ, ಬಿರುಕು ಬಿಟ್ಟಿತು. ಒಂದು ಕಡೆ ತೋರಿಸಿದೆವು, ಹುಳುಕಡ್ಡಿ ಅಂದು ಮುಲಾಮು ಕೊಟ್ಟರು. ವಾಸಿಯಾಗಲಿಲ್ಲ. ಕೊನೆಗೆ ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿ, ಪಾರ್ಥೇನಿಯಂ ಅಲರ್ಜಿ ಅಂದರು. ಗಿಡ ಮುಟ್ಟಲೇಬೇಕು ಅಂತಿಲ್ಲವಂತೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಮೈಮೇಲೆ ಕೂತರೂ ಸಾಕಂತೆ. ಸೇವಂತಿಗೆ ಹೂವಿನಿಂದಲೂ ದೂರ ಇರಿ ಅಂದರು, ಅದೂ ಇದೇ ಕುಟುಂಬದ್ದಂತೆ.

ಆದ್ದರಿಂದ ಯಾರನ್ನೇ ಕಳಿಸಿ, ತುಂಬು ತೋಳಿನ ಅಂಗಿ, ದಪ್ಪ ಕೈಗವಸು, ಮೂಗಿಗೆ ಬಟ್ಟೆ ಕೊಟ್ಟು ಕಳಿಸಿ. ಬರಿಗೈಯಲ್ಲಿ ಯಾರಿಂದಲೂ ಕೀಳಿಸಬೇಡಿ. ಮೊದಲೇ ಕೆರೆತ ಇದ್ದವರನ್ನು, ದಮ್ಮು ಇದ್ದವರನ್ನು ಆ ಕೆಲಸಕ್ಕೆ ಕರೆಯಲೇಬೇಡಿ. ಮುಗಿದ ಮೇಲೆ ಸಾಬೂನು ಹಚ್ಚಿ ಸ್ನಾನ ಮಾಡಬೇಕು, ಹಾಕಿದ ಬಟ್ಟೆ ಬೇರೆಯಾಗಿ ಒಗೆಯಬೇಕು. ಕೂಲಿ ಕೊಡುವವರೇ ಕೈಗವಸನ್ನೂ ಕೊಡಬೇಕು. ನೂರಿನ್ನೂರು ರೂಪಾಯಿಯ ಮಾತು. ಅದರಲ್ಲಿ ಜಿಪುಣತನ ಮಾಡಿದರೆ ಬಡವರ ಮೈ ಚರ್ಮ ಹೋಗುತ್ತದೆ.

ಬಾಗೇವಾಡಿ ಎರಿಹೊಲ

ಅಕ್ಕಾವ್ರೆ, ನಿಮ್ಮ ಮಾತು ಒಪ್ಪಿದೆ. ಕೈಗವಸು ನಾಳೆಯೇ ತರುತ್ತೇನೆ. ಕೀಳಲು ಒಳ್ಳೆ ಹೊತ್ತು ಯಾವುದು?

ಇಂಡಿ ಲಿಂಬಿ

ಮಳೆ ನಿಂತ ಮರುದಿನ ಅಥವಾ ಮೂರನೇ ದಿನ. ಎರಿ ಮಣ್ಣು ಪೂರ್ತಿ ಕೆಸರಾಗಿರಬಾರದು, ಒಣಗಿ ಬಿಗಿದೂ ಇರಬಾರದು. ಆ ಹದದಲ್ಲಿ ಬುಡ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಒಣ ನೆಲದಲ್ಲಿ ಎಳೆದರೆ ಕಾಂಡ ತುಂಡಾಗುತ್ತದೆ, ಬುಡದಿಂದ ಮತ್ತೆ ಕವಲು ಬರುತ್ತದೆ. ಕುಡುಗೋಲಿನಲ್ಲಿ ಸವರುವುದೂ ಅಷ್ಟೇ. ಮುಂದೆ ಅದು ಗಿಡ್ಡದಾಗಿಯೇ ಹೂ ಬಿಡುತ್ತದೆ.

ನಮ್ಮ ಲಿಂಬಿ ತೋಟದಲ್ಲಿ ಗಿಡದ ಬುಡಕ್ಕೆ ತೊಗರಿ ಹೊಟ್ಟು, ಒಣ ಹುಲ್ಲು ದಪ್ಪಗೆ ಹಾಸುತ್ತೇವೆ. ಬೆಳಕು ಬೀಳದಿದ್ದರೆ ಈ ಕಸ ಅಷ್ಟು ಹುಟ್ಟುವುದಿಲ್ಲ. ಹೊಟ್ಟಿನಲ್ಲಿ ಕಸದ ಬೀಜ ಬಾರದಂತೆ ನೋಡಿಕೊಳ್ಳಬೇಕು, ಅಷ್ಟೇ.

ಗೋಕಾಕ ಕಬ್ಬು

ಎಲ್ಲಾ ಸರಿ. ಆದರೆ ಆಳು ಎಲ್ಲಿ ಸಿಗುತ್ತಾರೆ? ನಮ್ಮ ಕಡೆ ಕಬ್ಬಿನ ಕೆಲಸಕ್ಕೇ ಆಳಿಲ್ಲ. ನಾನು ಕಬ್ಬು ನಾಟಿ ಮಾಡಿದ ಕೂಡಲೇ, ಕಸ ಹುಟ್ಟುವ ಮೊದಲೇ ಅಟ್ರಾಜಿನ್ ಹೊಡೆಯುತ್ತೇನೆ. ಕೈ ಕೆಲಸ ಅರ್ಧ ಉಳಿಯುತ್ತದೆ. ಔಷಧ ಬೇಡವೇ ಬೇಡ ಅಂದರೆ ದೊಡ್ಡ ಹಿಡುವಳಿಗೆ ಆಗುವ ಮಾತಲ್ಲ.

ಹಿಟ್ಟಿನಹಳ್ಳಿ ವಿದ್ಯಾರ್ಥಿ

ಅಣ್ಣಾವ್ರೆ, ಕಬ್ಬು, ಗೋವಿನ ಜೋಳಕ್ಕೆ ಅಟ್ರಾಜಿನ್ ನಡೆಯುತ್ತದೆ, ಡಬ್ಬಿ ಮೇಲಿನ ಪ್ರಮಾಣದಷ್ಟೇ ಹಾಕಿ. ಆದರೆ ತೊಗರಿ, ಸೂರ್ಯಪಾನ, ಶೇಂಗಾ, ಕಡಲೆಗೆ ಅದು ವಿಷ. ಬಾಗೇವಾಡಿ ಅಣ್ಣನವರ ಹೊಲಕ್ಕೆ ಅದು ಆಗುವುದಿಲ್ಲ. ಅವರಿಗೆ ಸಾಲಿನ ನಡುವೆ ಎಡೆ ಕುಂಟೆ ಸಾಕು. ಕಷ್ಟ ಇರುವುದು ಎತ್ತು ಹೋಗದ ಒಡ್ಡಿನಲ್ಲಿ, ದಂಡೆಯಲ್ಲಿ.

ಈಗ ಹುಳುವಿನ ವಿಷಯ. ಅದರ ಹೆಸರು ಜೈಗೋಗ್ರಾಮಾ. ಮೆಕ್ಸಿಕನ್ ದುಂಬಿ ಅಂತಲೂ ಅನ್ನುತ್ತಾರೆ. ಈ ಕಸ ನಮ್ಮ ದೇಶದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು 1950ರ ದಶಕದ ಮಧ್ಯದಲ್ಲಿ, ಪುಣೆ ಸುತ್ತ. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬೀಜ ಬಂದಿರಬೇಕು ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಅದರ ತವರಿನಲ್ಲಿ ಅದನ್ನು ತಿನ್ನುವ ಹುಳು ಇದ್ದವು, ಇಲ್ಲಿ ಯಾವುದೂ ಇರಲಿಲ್ಲ. ದನ ಮುಟ್ಟುವುದಿಲ್ಲ. ಹಸಿವಿಗೆ ತಿಂದರೆ ಹಾಲು ಕಹಿಯಾಗುತ್ತದೆ, ಜಾಸ್ತಿ ತಿಂದರೆ ಜೀವಕ್ಕೇ ಅಪಾಯ. ಹಾಗಾಗಿ ಅದಕ್ಕೆ ಎದುರಾಳಿಯೇ ಇಲ್ಲದಂತಾಯಿತು. 1983ರಲ್ಲಿ ಈ ದುಂಬಿಯನ್ನು ಮೆಕ್ಸಿಕೊದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬಯಲಿಗೆ ಬಿಟ್ಟರು. ನಿಮ್ಮ ಒಡ್ಡಿನ ಮೇಲಿರುವುದು ಅದರದೇ ಸಂತತಿ.

ದೊಡ್ಡ ದುಂಬಿ ಸುಮಾರು 6 ಮಿಲಿಮೀಟರ್ ಇರುತ್ತದೆ. ಎಲೆಯ ಅಡಿಗೆ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲು ತುದಿಯ ಎಳೆ ಚಿಗುರು, ಮೊಗ್ಗು ತಿನ್ನುತ್ತದೆ, ಆಗಲೇ ಹೂ ಕಡಿಮೆಯಾಗುವುದು. ಬಲಿತ ಮೇಲೆ ಮಣ್ಣಿಗೆ ಇಳಿದು ಕೋಶವಾಗುತ್ತದೆ. ಮಳೆಗಾಲದಲ್ಲಿ ಸಂಖ್ಯೆ ಏರುತ್ತದೆ. ಚಳಿ ಬಂದಾಗ, ಬೇಸಿಗೆಯಲ್ಲಿ ಬಹುಪಾಲು ಮಣ್ಣೊಳಗೆ ಮಲಗಿರುತ್ತದೆ. ಆದ್ದರಿಂದ ಅದರಿಂದಲೇ ಎಲ್ಲಾ ಕಸ ಹೋಗುತ್ತದೆ ಅಂತ ಕಾಯಬಾರದು. ಚಳಿಗಾಲದ ಕಸ ನಾವೇ ಕೀಳಬೇಕು.

ಸೂರ್ಯಪಾನದ ಭಯ ಹೊಸದಲ್ಲ. 1990ರ ದಶಕದ ಆರಂಭದಲ್ಲಿ ಈ ದುಂಬಿ ಸೂರ್ಯಪಾನದ ಎಲೆ ತಿಂದದ್ದು ಕಂಡು ದೊಡ್ಡ ಗದ್ದಲವೇ ಆಗಿತ್ತು. ತನಿಖೆಗೆ ಸಮಿತಿಯೂ ಆಯಿತು. ಕಸದ ಹೂವಿನ ಪರಾಗ ಸೂರ್ಯಪಾನದ ಎಲೆ ಮೇಲೆ ಬಿದ್ದಿದ್ದರೆ ದುಂಬಿ ಆ ವಾಸನೆಗೆ ಕಚ್ಚುತ್ತದೆ ಅಂತ ಸಂಶೋಧನೆಯಲ್ಲಿ ಕಂಡಿತು. ಅದನ್ನೇ ತಿಂದು ಸಂತಾನ ಬೆಳೆಸುವುದಿಲ್ಲ. ಬೆಳೆಗೆ ಅಪಾಯವಿಲ್ಲ ಅಂತ ಆಮೇಲೆ ಬಿಡುವುದನ್ನು ಮುಂದುವರಿಸಿದರು.

ಗಿಡ ಪಾಠ, ಬಾಗಲಕೋಟೆ

ಒಳ್ಳೆಯದಾಗಿ ಬರೆದಿದ್ದೀಯ ತಮ್ಮಾ. ಸೂರ್ಯಪಾನಕ್ಕೆ ನಿಜವಾದ ಅಪಾಯ ದುಂಬಿಯಿಂದಲ್ಲ, ಕಸದಿಂದ. ಇದನ್ನು ರೈತರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ ಅನ್ನುವುದು ನನ್ನ ಬೇಸರ.

ಟೊಬ್ಯಾಕೊ ಸ್ಟ್ರೀಕ್ ಅನ್ನುವ ನಂಜುರೋಗದ ವೈರಸ್ ಇದೆ. ಕಾಂಗ್ರೆಸ್ ಕಸದೊಳಗೆ ಅದು ಹಾಯಾಗಿ ಇರುತ್ತದೆ. ಗಿಡಕ್ಕೆ ಏನೂ ಆಗುವುದಿಲ್ಲ, ನೋಡಿದರೆ ರೋಗ ಇದೆ ಅಂತ ಗೊತ್ತೂ ಆಗುವುದಿಲ್ಲ. ಆದರೆ ಅದರ ಪರಾಗದಲ್ಲಿ ವೈರಸ್ ಇರುತ್ತದೆ. ಪರಾಗ ಗಾಳಿಗೆ ಹಾರಿಯೋ, ಥ್ರಿಪ್ಸ್ ನುಸಿಯ ಮೈಗೆ ಅಂಟಿಯೋ ಬೆಳೆಗೆ ಬರುತ್ತದೆ. ನುಸಿ ಎಲೆ ಕೆರೆದ ಗಾಯದಿಂದ ವೈರಸ್ ಒಳಗೆ ಹೋಗುತ್ತದೆ. ಸೂರ್ಯಪಾನದ ಎಲೆ ಒಂದು ಬದಿಯಿಂದ ಸುಟ್ಟಂತೆ ಒಣಗುತ್ತದೆ, ಕಾಂಡ ತಿರುಚುತ್ತದೆ, ತೆನೆ ಸೊಟ್ಟಾಗಿ ಕಾಳು ಕಟ್ಟುವುದಿಲ್ಲ. ನಮ್ಮ ರಾಜ್ಯದಲ್ಲಿ ಇದು 1997ರಲ್ಲಿ ಬಾಗೇಪಲ್ಲಿ ಕಡೆ ಮೊದಲು ಕಂಡಿತು. 2000ರಲ್ಲಿ ಇದೇ ವೈರಸ್ ಆಂಧ್ರದ ಅನಂತಪುರ ಜಿಲ್ಲೆಯ ಶೇಂಗಾವನ್ನು ಹೊಲದ ಮೇಲೆ ಹೊಲ ಹಾಳು ಮಾಡಿತು. ವಿಜಯಪುರ, ಬಾಗಲಕೋಟೆ ಕಡೆ ಸೂರ್ಯಪಾನ ಹಾಕುವವರು ಕಡಿಮೆಯಾದದ್ದಕ್ಕೆ ಕಾರಣ ಹಲವು ಇವೆ, ಈ ರೋಗವನ್ನೂ ಅದರಲ್ಲಿ ಸೇರಿಸಬೇಕು.

ಸೂರ್ಯಪಾನದ ಸುತ್ತ ನಾಲ್ಕು ಸಾಲು ಜೋಳ ಹಾಕುವ ರೂಢಿ ಇದಕ್ಕೇ ಹೇಳುವುದು. ಜೋಳ ಎತ್ತರಕ್ಕೆ ಬೆಳೆದು ಹಾರಿ ಬರುವ ನುಸಿ, ಪರಾಗ ತಡೆಯುತ್ತದೆ. ನೀವು ಹಾಕಿಲ್ಲದಿದ್ದರೆ ಈಗ ಮಾಡಬೇಕಾದ ಮೊದಲ ಕೆಲಸ ಸೂರ್ಯಪಾನದ ಪಟ್ಟಿಯ ಅಕ್ಕಪಕ್ಕದ ಒಡ್ಡಿನಲ್ಲಿ ಹೂ ಬಿಟ್ಟ ಗಿಡ ತೆಗೆಯುವುದು. ಇವತ್ತೇ. ಉಳಿದ ಒಡ್ಡು ಆಮೇಲೆ.

ಟಿಕೋಟಾ ದ್ರಾಕ್ಷಿ

ಹತ್ತಿ ಹಾಕುವವರೂ ಕೇಳಿಸಿಕೊಳ್ಳಿ. ಹತ್ತಿಗೆ ಬರುವ ಬಿಳಿ ಹಿಟ್ಟು ತಿಗಣೆ ಹತ್ತಿ ಇಲ್ಲದ ಕಾಲದಲ್ಲಿ ಈ ಕಸದ ಮೇಲೆ ಬದುಕಿಕೊಂಡಿರುತ್ತದೆ. ಬುಡದ ಹತ್ತಿರ ಬಗ್ಗಿ ನೋಡಿದರೆ ಕಾಣುತ್ತದೆ.

ಬಾಗೇವಾಡಿ ಎರಿಹೊಲ

ಇದು ಗೊತ್ತೇ ಇರಲಿಲ್ಲ. ಇವತ್ತು ಸೂರ್ಯಪಾನದ ಬದಿ ಪೂರ್ತಿ ಕಿತ್ತೆವು. ಕಿತ್ತ ಕಸ ರಾಶಿ ಬಿದ್ದಿದೆ. ತಿಪ್ಪೆಗೆ ಹಾಕಲಾ? ಅಥವಾ ಹೊಲದಲ್ಲೇ ಹಾಕಿ ರಂಟೆ ಹೊಡೆದು ಮುಚ್ಚಲಾ?

ಗಿಡ ಪಾಠ, ಬಾಗಲಕೋಟೆ

ಹೂ ಬಿಡದ ಗಿಡ, ಹೂ ಬಿಟ್ಟ ಗಿಡ ಎರಡು ರಾಶಿ ಮಾಡಿ.

ಹೂ ಬಿಡದ್ದು ಒಳ್ಳೆ ಗೊಬ್ಬರ. ಮೂರು ಅಡಿ ಆಳದ ಗುಂಡಿ ತೆಗೆದು ಒಂದು ಪದರ ಕಸ, ಮೇಲೆ ಸಗಣಿ ನೀರು, ಸ್ವಲ್ಪ ಮಣ್ಣು, ಮತ್ತೆ ಕಸ ಹೀಗೆ ತುಂಬಿ. ಕಾಲಲ್ಲಿ ತುಳಿದು ಒತ್ತಿ. ಮೇಲೆ ಗುಮ್ಮಟದ ಹಾಗೆ ಏರಿಸಿ ಸಗಣಿ, ಮಣ್ಣು ಕಲಸಿ ಮೆತ್ತಿಬಿಡಿ. ನಾಲ್ಕೈದು ತಿಂಗಳಿಗೆ ಗೊಬ್ಬರ ಸಿಗುತ್ತದೆ.

ಹೂ ಬಿಟ್ಟದ್ದನ್ನು ತೆರೆದ ತಿಪ್ಪೆಗೆ ಹಾಕಬೇಡಿ. ತಿಪ್ಪೆಯ ಅಂಚಿನಲ್ಲಿ ಬಿಸಿ ಏರುವುದಿಲ್ಲ, ಬೀಜ ಸಾಯುವುದಿಲ್ಲ. ಮುಂದಿನ ವರ್ಷ ಗೊಬ್ಬರದ ಗಾಡಿಯಲ್ಲಿ ನೀವೇ ಅದನ್ನು ಹೊಲಕ್ಕೆ ಹೊತ್ತು ತರುತ್ತೀರಿ. ರಂಟೆ ಹೊಡೆದು ಮುಚ್ಚುವುದೂ ಬೇಡ. ನೆಲದ ಮೇಲೆ ಬಿದ್ದ ಬೀಜ ಬಿಸಿಲು ಮಳೆಗೆ ಬೇಗ ಸಾಯುತ್ತದೆ. ಮಣ್ಣಲ್ಲಿ ಹೂತದ್ದು ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ, ಮುಂದೆ ಎಂದೋ ಉಳುಮೆಯಲ್ಲಿ ಮೇಲೆ ಬಂದಾಗ ಹುಟ್ಟುತ್ತದೆ. ಹೂ ಬಿಟ್ಟದ್ದನ್ನು ಚೀಲದಲ್ಲಿ ತುಂಬಿ ಒಂದೇ ಕಡೆ ಆಳವಾದ ಗುಂಡಿಗೆ ಹಾಕಿ ಮುಚ್ಚಿ, ಆ ಜಾಗ ಮತ್ತೆ ಕೆದಕಬೇಡಿ. ಒಣಗಿಸಿ ಸುಡುವವರಿದ್ದಾರೆ. ಆ ಹೊಗೆ, ಪುಡಿ ನವನಗರ ಅಕ್ಕನ ಮನೆಯವರಂಥವರಿಗೆ ಆಗುವುದಿಲ್ಲ. ಊರ ಹತ್ತಿರ ಖಂಡಿತ ಬೇಡ.

ನವನಗರ ಅಕ್ಕ

ನಿಜ ಸರ್. ಮನೆ ಕಟ್ಟುವವರಿಗೂ ಒಂದು ಮಾತು. ನಮ್ಮ ಓಣಿಗೆ ಈ ಕಸ ಜಾಸ್ತಿ ಆದದ್ದು ಟಿಪ್ಪರ್‌ನಲ್ಲಿ ಗರಸು ತಂದು ಸುರಿದ ಮೇಲೆ. ಗರಸಿನ ಜೊತೆ ಬೀಜ ಬರುತ್ತದೆ. ಸುರಿದ ಮೊದಲ ಮಳೆಗೆ ಅಲ್ಲಿ ಹೋಗಿ ನೋಡಿ, ಸಣ್ಣದಿದ್ದಾಗಲೇ ಕಿತ್ತು ಹಾಕಿ.

ಇಂಡಿ ಲಿಂಬಿ

ಕಿತ್ತು ನೆಲ ಖಾಲಿ ಬಿಟ್ಟರೆ ಏನೂ ಉಪಯೋಗವಿಲ್ಲ. ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಮುಖ್ಯ ಮಾತು ಇದೇ. ಈ ಕಸ ಖಾಲಿ ನೆಲ ಹುಡುಕುತ್ತದೆ. ಒತ್ತಾಗಿ ಹುಲ್ಲಿರುವ ಒಡ್ಡಿನಲ್ಲಿ ಅಷ್ಟು ಸುಲಭಕ್ಕೆ ಏಳುವುದಿಲ್ಲ. ದನ ಇದ್ದವರು ಒಡ್ಡಿಗೆ ಗಿನ್ನಿ ಹುಲ್ಲು ಹಚ್ಚಿ. ಮೇವೂ ಆಯಿತು, ಒಡ್ಡೂ ಗಟ್ಟಿ. ದಾರಿ ಬದಿಗೆ, ದಂಡೆಗೆ ತಗಚಿ ಬೀಜ ಎಸೆಯಿರಿ. ಅದು ದಟ್ಟವಾಗಿ ಬೆಳೆದು ಇದನ್ನು ಅಡಗಿಸುತ್ತದೆ. ನಮ್ಮ ಹಳ್ಳದ ದಂಡೆಯಲ್ಲಿ ತಗಚಿ ಒತ್ತಾಗಿ ಎದ್ದ ಕಡೆ ಕಾಂಗ್ರೆಸ್ ಕಸ ಬಡಕಲಾಗಿ ಅಲ್ಲೊಂದು ಇಲ್ಲೊಂದು ಉಳಿದಿದೆ.

ಗೋಕಾಕ ಕಬ್ಬು

ತಗಚಿಯೇ ಹೊಲಕ್ಕೆ ನುಗ್ಗಿದರೆ?

ಇಂಡಿ ಲಿಂಬಿ

ಎಡೆ ಹೊಡೆದರೆ ಹೋಗುತ್ತದೆ. ಮುಟ್ಟಿದರೆ ಕೆರೆತ ಇಲ್ಲ, ಯಾರು ಬೇಕಾದರೂ ಕೀಳಬಹುದು. ಎಳೆ ಸೊಪ್ಪು ಪಲ್ಯಕ್ಕೂ ಬರುತ್ತದೆ. ಹೊಲದೊಳಗೆ ಮಾತ್ರ ಬೀಜ ಎಸೆಯಬೇಡಿ, ದಂಡೆಗಷ್ಟೇ.

ಹಿಟ್ಟಿನಹಳ್ಳಿ ವಿದ್ಯಾರ್ಥಿ

ಹಾಗಾದರೆ ಹೀಗೆ ಮಾಡಿ ಅಣ್ಣಾವ್ರೆ. ಹೊಲದೊಳಗೆ, ಸೂರ್ಯಪಾನದ ಹತ್ತಿರ ಎಲ್ಲಾ ಕೀಳಿ. ಬೆಳೆಯಿಂದ ದೂರ ಇರುವ ಕಾಲುವೆ ದಂಡೆಯಲ್ಲಿ ದುಂಬಿ ಚೆನ್ನಾಗಿ ಇರುವ ಒಂದು ಜಾಗ ಸದ್ಯಕ್ಕೆ ಮುಟ್ಟಬೇಡಿ, ಔಷಧವೂ ಅಲ್ಲಿಗೆ ಬೇಡ. ಅಲ್ಲಿ ಅವು ಬೆಳೆಯಲಿ. ಬೇರೆ ಕಡೆ ಬಿಡಬೇಕಾದರೆ ಅಲ್ಲಿಂದಲೇ ಹಿಡಿಯಬಹುದು. ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಸದ ಎಲೆ ಹಾಕಿ, ದೊಡ್ಡ ದುಂಬಿಗಳನ್ನು ಹಿಡಿದು, ಅದೇ ದಿನ ಹೊಸ ಜಾಗಕ್ಕೆ ಒಯ್ಯಿರಿ. ಹತ್ತಿಪ್ಪತ್ತು ಬಿಟ್ಟರೆ ನಿಲ್ಲುವುದಿಲ್ಲ, ಒಂದೇ ಕಡೆ ನೂರಾರು ಬಿಡಬೇಕು. ಆಗಸ್ಟ್ 16ರಿಂದ 22ರವರೆಗೆ ದೇಶದಲ್ಲೆಲ್ಲ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಕೃಷಿ ವಿಜ್ಞಾನ ಕೇಂದ್ರದವರನ್ನು ಆ ವಾರ ಊರಿಗೆ ಕರೆಯಿರಿ. ಶಾಲೆಯ ಮಕ್ಕಳಿಂದ ಮಾತ್ರ ಕೀಳಿಸಬೇಡಿ. ಅವರು ಗಿಡ ಗುರುತಿಸಲು ಕಲಿತರೆ ಸಾಕು.

ಬಾಗೇವಾಡಿ ಎರಿಹೊಲ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಡೆ ಹೊಡೆಯುವ ಕೆಲಸ ಇತ್ತು. ಗ್ಲೈಫೋಸೇಟ್ ಡಬ್ಬಿ ವಾಪಸ್ ಕೊಟ್ಟೆ. ಕಾಕಾ ಉಪ್ಪಿನ ಮಾತು ಬಿಟ್ಟರು, ಸವಳಿನ ವಿಷಯ ಓದಿ ಹೇಳಿದ ಮೇಲೆ ಅವರೇ ಬಂಡಿ ದಾರಿಯ ಕಸಕ್ಕೆ ನಿಂತರು. ಅಕ್ಕಪಕ್ಕದ ಹೊಲದವರೂ ಒಪ್ಪಿದ್ದಾರೆ. ಒಬ್ಬರ ಒಡ್ಡು ಮಾತ್ರ ಕಿತ್ತರೆ ಗಾಳಿಗೆ, ಕಾಲುವೆ ನೀರಿಗೆ ಪಕ್ಕದ್ದು ಬರುತ್ತದೆ ಅಂತ ಅವರಿಗೂ ಗೊತ್ತಾಗಿದೆ. ಹೆಣ್ಣಾಳುಗಳಿಗೆ ಕೈಗವಸು, ತುಂಬು ತೋಳಿನ ಅಂಗಿ ಕೊಟ್ಟೆವು. ಕೆಲಸಕ್ಕೆ ಬಂದರು. ದಮ್ಮು ಇರುವ ಒಬ್ಬ ಅವ್ವನನ್ನು ಗೊಬ್ಬರದ ಗುಂಡಿಯ ಕಡೆಗೂ ಬಿಡದೆ ಬೇರೆ ಕೆಲಸಕ್ಕೆ ಹಾಕಿದೆವು.

ಸೂರ್ಯಪಾನದ ಮೂಲೆಯಲ್ಲಿ ಕೆಲವು ಗಿಡದ ಎಲೆ ಒಂದು ಬದಿ ಒಣಗಿವೆ. ಸರ್ ಹೇಳಿದ ರೋಗವೇ ಇರಬೇಕು.

ತಗಚಿ ಬೀಜ ಎಲ್ಲಿ ಸಿಗುತ್ತದೆ ಇಂಡಿ ಅಣ್ಣಾ?

ಗಿಡ ಪಾಠ, ಬಾಗಲಕೋಟೆ

ಆ ಗಿಡಗಳನ್ನು ಕಿತ್ತುಬಿಡಿ, ವಾಸಿ ಮಾಡುವ ಔಷಧ ಇಲ್ಲ. ಒಂದೆರಡನ್ನು ಚೀಲದಲ್ಲಿ ಹಾಕಿ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ, ಖಾತ್ರಿ ಮಾಡಿಕೊಳ್ಳಿ.

ಇಂಡಿ ಲಿಂಬಿ

ಕೊಳ್ಳುವುದು ಬೇಡ. ದೀಪಾವಳಿ ಆದ ಮೇಲೆ ತಗಚಿ ಕಾಯಿ ಒಣಗುತ್ತವೆ, ತಾವಾಗಿ ಸಿಡಿಯುವ ಮೊದಲು ಕೊಯ್ಯಬೇಕು. ಒಂದು ಚೀಲ ತೆಗೆದಿಟ್ಟಿರುತ್ತೇನೆ, ಇಂಡಿ ಕಡೆ ಬಂದಾಗ ಒಯ್ಯಿರಿ. ಮುಂದಿನ ಮೇ ಕೊನೆಗೆ, ರೋಹಿಣಿ ಮಳೆಗೆ ಮುಂಚೆ, ದಂಡೆ ಮೇಲೆ ಎಸೆದರೆ ಆಯಿತು.